ನಗಿಸುವವನಿಗೆ ಗಂಡನ ಪಾತ್ರ

ಹಾಸ್ಯನಟನೊಬ್ಬ ಗಂಭೀರ ಪಾತ್ರ ಮಾಡಿದ ಅಂತ ಗೊತ್ತಾದರೆ ಸಾಕು, ಜನ ಮೊದಲು ಕೇಳುವುದು ಒಂದೇ: ‘ಅತ್ತಿದ್ದು ನಿಜವಾಗ್ಲೂನಾ, ಗ್ಲಿಸರಿನ್ನಾ?’ ಗಾಂಧಿ ಬಜಾರಿನಲ್ಲಿ ತರಕಾರಿ ಚೀಲ ಹಿಡಿದು ನಿಂತಾಗ ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲಿ ಪಾಯಸ ಬಡಿಸುತ್ತ ಕೇಳಿದ್ದಾರೆ. ನಾನು ಗಂಡನ ಪಾತ್ರ ಮಾಡಿದ ಆ ಚಿತ್ರದಲ್ಲಿ ಅಳುವುದೇ ಇಲ್ಲ. ನನ್ನ ಹೆಂಡತಿಯ ಪಾತ್ರ ಮಾಡಿದವರೂ ಅಳುವುದಿಲ್ಲ. ಆದರೂ ನೋಡಿ ಬಂದವರ ನೆನಪಿನಲ್ಲಿ ನಾವಿಬ್ಬರೂ ಅತ್ತಿದ್ದೇವೆ. ಅದು ಹೇಗಾಯಿತು ಎನ್ನುವುದನ್ನು ಬರೆದಿಡಬೇಕು ಅನ್ನಿಸಿತು. ಗಣಪತಿ ಪೆಂಡಾಲು, ಸ್ಕಿಟ್ಟು, ಆರ್ಕೆಸ್ಟ್ರಾ ನಡುವಿನ ಮಿಮಿಕ್ರಿ ಅಂತ ಬದುಕುವ ನನ್ನಂಥವರಿಗೆ ನಾಳೆ ಇಂಥ ಕರೆ ಬಂದರೆ ಉಪಯೋಗಕ್ಕೆ ಬಂದೀತು.

ಕಥೆ ದೊಡ್ಡದೇನಲ್ಲ. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲೊಂದು ಅಡಿಕೆ ತೋಟದ ಮನೆ. ಗಂಡ ಹೆಂಡತಿ, ಮದುವೆಯಾಗಿ ಇಪ್ಪತ್ತು ವರ್ಷ ದಾಟಿದೆ, ಮಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ಕುಡಿತವಿಲ್ಲ, ಹೊಡೆತವಿಲ್ಲ, ಇನ್ನೊಬ್ಬಳೂ ಇಲ್ಲ, ಇನ್ನೊಬ್ಬನೂ ಇಲ್ಲ. ಒಂದು ರಾತ್ರಿ ಹೆಂಡತಿ, ಶಿವಮೊಗ್ಗದಲ್ಲಿ ಬಾಡಿಗೆ ಮನೆ ನೋಡಿದ್ದೇನೆ, ಇನ್ನು ಅಲ್ಲೇ ಇರುತ್ತೇನೆ ಎನ್ನುತ್ತಾಳೆ. ಊರಿಗೆ ಕಾರಣ ಬೇಕು. ಗಂಡನಿಗೂ ಬೇಕು. ಇಂಥದ್ದಕ್ಕೆ ಇಬ್ಬರು ಹಾಸ್ಯದವರೇ ಯಾಕೆ ಅಂತ ನಿರ್ದೇಶಕರನ್ನು ಕೇಳಿದೆ. ‘ಈ ಗಂಡ ಊರಲ್ಲೆಲ್ಲ ತಮಾಷೆಗೆ ಹೆಸರಾದವನು ಮಾರಾಯ್ರೆ. ಗಂಭೀರ ನಟನಿಗೆ ತಮಾಷೆ ಕಲಿಸೋದು ನನ್ನಿಂದ ಆಗಲ್ಲ’ ಅಂದರು. ಆ ಉತ್ತರಕ್ಕೇ ಒಪ್ಪಿಕೊಂಡೆ. ಸಂಭಾವನೆಗೆ ಒಪ್ಪಿಕೊಳ್ಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಯಕ್ಷಗಾನ ನೋಡಿ ಬೆಳೆದ ನಮ್ಮ ಕಡೆಯವರಿಗೆ ಇದು ತೀರಾ ಹೊಸತೂ ಅಲ್ಲ. ನಳ ದಮಯಂತಿ ಪ್ರಸಂಗದಲ್ಲಿ ಬಾಹುಕ ಬರುವುದು ಹಾಸ್ಯಗಾರನ ಪಾಲಿಗೆ. ಕಾಡಿನಲ್ಲಿ ಮಲಗಿದ ಹೆಂಡತಿಯ ಸೀರೆಯಲ್ಲಿ ಅರ್ಧ ಹರಿದುಕೊಂಡು ಕತ್ತಲಲ್ಲಿ ಎದ್ದು ಹೋಗುವ ನಳನನ್ನು ಕಿರೀಟ ಕಟ್ಟಿದ ವೇಷಧಾರಿ ಮಾಡುತ್ತಾನೆ. ಅದೇ ನಳ ಕಾರ್ಕೋಟಕ ಸರ್ಪ ಕಚ್ಚಿ ಕುರೂಪಿ ಬಾಹುಕನಾಗಿ, ಋತುಪರ್ಣ ರಾಜನ ಕುದುರೆ ನೋಡಿಕೊಂಡು, ಅಡುಗೆ ಮಾಡಿಕೊಂಡು ಇರುವವನು ಬಂದಾಗ ರಂಗಕ್ಕೆ ಹಾಸ್ಯಗಾರ ಬರುತ್ತಾನೆ. ಅರ್ಧ ರಾತ್ರಿ ಜನರನ್ನು ನಗಿಸುವುದೂ ಅವನೇ, ಕಡೆಗೆ ತನ್ನದೇ ಮಕ್ಕಳನ್ನು ಎದುರಿಗೆ ನೋಡಿ ಮಾತು ತಪ್ಪುವುದೂ ಅವನೇ. ದಾಂಪತ್ಯ ಮುರಿದ ಪಾಪವನ್ನು ನಳನ ವೇಷ ಮಾಡುತ್ತದೆ, ಅದನ್ನು ಹೊರುವುದು ಹಾಸ್ಯದ ವೇಷ. ಈ ಹಂಚಿಕೆ ಮಾಡಿದ ಹಿಂದಿನವರು ದಡ್ಡರಲ್ಲ. ಒಪ್ಪಿಕೊಂಡ ದಿನದಿಂದ ಚಿತ್ರೀಕರಣ ಮುಗಿಯುವತನಕ ನನ್ನ ತಲೆಯಲ್ಲಿ ಇದ್ದದ್ದು ಯಾವ ಸಿನಿಮಾ ನಟನೂ ಅಲ್ಲ, ಹುಡುಗನಾಗಿದ್ದಾಗ ಗದ್ದೆ ಬಯಲಿನಲ್ಲಿ ನಿದ್ದೆಗಣ್ಣಲ್ಲಿ ನೋಡಿದ ಬಾಹುಕ.

ಸಿನಿಮಾದಲ್ಲೂ ದಾರಿ ಮಾಡಿಕೊಟ್ಟವರಿದ್ದಾರೆ. ಉಮಾಶ್ರೀಯವರನ್ನು ಕನ್ನಡದ ಪ್ರೇಕ್ಷಕರು ಎಷ್ಟೋ ವರ್ಷ ನಗುವುದಕ್ಕೆಂದೇ ನೋಡಿದರು. ಅವರಿಗೆ 2008ರ ಸಾಲಿನ ಅತ್ಯುತ್ತಮ ನಟಿ ರಾಷ್ಟ್ರ ಪ್ರಶಸ್ತಿ ಬಂದದ್ದು ಗಂಡ ದೂರ ಮಾಡಿದ ಒಬ್ಬ ಸೂಲಗಿತ್ತಿಯ ಪಾತ್ರಕ್ಕೆ. ಆ ಚಿತ್ರ ಮಾಡಿದ ಗಿರೀಶ ಕಾಸರವಳ್ಳಿ ನಮ್ಮ ತೀರ್ಥಹಳ್ಳಿ ತಾಲ್ಲೂಕಿನವರೇ. ಮಲಯಾಳಂನ ಸುರಾಜ್ ವೆಂಜಾರಮೂಡು ಮಿಮಿಕ್ರಿಯಿಂದ ಬಂದವರು. 2021ರಲ್ಲಿ ಬಂದ ‘ದಿ ಗ್ರೇಟ್ ಇಂಡಿಯನ್ ಕಿಚನ್’ನಲ್ಲಿ ಅವರು ಮಾಡಿದ ಗಂಡನನ್ನು ನಾನು ಮತ್ತೆ ಮತ್ತೆ ಹಾಕಿಕೊಂಡು ನೋಡಿದೆ. ಹೋಟೆಲಿನಲ್ಲಿ ಹೆಂಡತಿ ಆಡಿದ ಒಂದು ಸಣ್ಣ ಮಾತಿಗೆ ಆತನ ಮುಖ ಬದಲಾಗುವ ಜಾಗವಿದೆಯಲ್ಲ, ಅದು ಹಾಸ್ಯ ಗೊತ್ತಿರುವವನ ಲೆಕ್ಕ. ಎಷ್ಟು ಹೊತ್ತು ನಗು ಉಳಿಸಿಕೊಳ್ಳಬೇಕು, ಎಲ್ಲಿ ತೆಗೆಯಬೇಕು ಎನ್ನುವುದು ಅಳತೆ ಹಾಕಿದ ಹಾಗೆ ಬಂದಿದೆ.

ಇನ್ನು ನಮ್ಮ ಕೆಲಸದ ವಿಷಯ.

ಮೊದಲ ತೊಡಕು ಸಂಬೋಧನೆಯದು. ನನ್ನ ಹೆಂಡತಿಯಾಗಿ ನಟಿಸಿದವರು ಕಂಪನಿ ನಾಟಕದಿಂದ ಬಂದ ಹಿರಿಯ ಹಾಸ್ಯನಟಿ. ಎಷ್ಟೋ ವೇದಿಕೆಯಲ್ಲಿ ಜೊತೆಗೆ ಮಾಡಿದ್ದೇವೆ. ನಾನು ಅವರನ್ನು ‘ಅಕ್ಕ’ ಅನ್ನುತ್ತೇನೆ, ಅವರು ನನ್ನನ್ನು ‘ತಮ್ಮಾ’ ಅನ್ನುತ್ತಾರೆ. ಸ್ಕಿಟ್ಟಿನಲ್ಲಿ ಗಂಡ ಹೆಂಡತಿ ಆದಾಗ ಇದೇನೂ ಅಡ್ಡ ಬರಲಿಲ್ಲ, ಯಾಕೆಂದರೆ ಅಲ್ಲಿ ನಾವು ಗಂಡ ಹೆಂಡತಿಯ ಅಣಕ ಮಾಡುತ್ತಿದ್ದೆವು. ಇಲ್ಲಿ ಹಾಗಲ್ಲ. ಅಕ್ಕನೇ ಒಂದು ಉಪಾಯ ಹೇಳಿದರು: ಶೂಟಿಂಗ್ ಮುಗಿಯುವತನಕ ಇಬ್ಬರೂ ಒಬ್ಬರನ್ನೊಬ್ಬರು ಏನೂ ಕರೆಯುವುದು ಬೇಡ. ಮಲೆನಾಡಿನ ಹಳೆ ಕಾಲದ ಎಷ್ಟೋ ದಂಪತಿಗಳು ಹಾಗೇ ಬದುಕಿದವರಲ್ಲವೇ? ‘ಇಲ್ ಕೇಳ್ತಾ?’ ‘ಕಾಫಿ ಆಯ್ತಾ?’ ‘ನಮ್ಮನೆಯವ್ರು ತೋಟಕ್ಕೆ ಹೋಗ್ಯಾರೆ’, ಅಷ್ಟರಲ್ಲೇ ಬಾಳ್ವೆ ಮುಗಿಯುತ್ತಿತ್ತು. ಊಟದ ಹೊತ್ತಿನಲ್ಲಿ, ವ್ಯಾನಿನಲ್ಲಿ, ಮೇಕಪ್ ಕುರ್ಚಿಯಲ್ಲಿ ಕೂತಾಗಲೂ ಹೆಸರಿಲ್ಲದೆ, ವರಸೆಯಿಲ್ಲದೆ ಮಾತಾಡಿದೆವು. ಕೆಲವು ದಿನದಲ್ಲೇ ನಮ್ಮ ನಡುವೆ ಒಂದು ವಿಚಿತ್ರ ದೂರ, ಅದರ ಜೊತೆಗೇ ಒಂದು ಸಲಿಗೆ ಬಂತು. ಯೂನಿಟ್ಟಿನ ಹುಡುಗರು ನಮ್ಮಿಬ್ಬರಿಗೆ ಜಗಳವಾಗಿದೆ ಅಂದುಕೊಂಡರು. ಅಂದುಕೊಳ್ಳಲಿ ಅಂತ ಬಿಟ್ಟೆವು.

ಎರಡನೆಯದು ಒಂದು ನೋಟ್‌ಬುಕ್. ಇದನ್ನು ಯಾರು ಬೇಕಾದರೂ ಮಾಡಬಹುದು. ಪಾತ್ರದ ಹಿನ್ನೆಲೆ ಬರೆಯಿರಿ ಅಂತ ನಿರ್ದೇಶಕರು ಹೇಳುತ್ತಾರಲ್ಲ, ಎಲ್ಲಿ ಓದಿದ, ಅಪ್ಪನಿಗೆ ಎಷ್ಟು ಎಕರೆ ತೋಟ ಅಂತ. ನನಗೆ ಅದರಿಂದ ಏನೂ ಹುಟ್ಟುವುದಿಲ್ಲ. ನಾವಿಬ್ಬರೂ ಕೂತು ಬರೆದದ್ದು ಆ ಗಂಡನ ಜೋಕುಗಳ ಪಟ್ಟಿ. ಮದುವೆಯಾದ ಹೊಸತರಲ್ಲಿ ಯಾವ ಮಾತಿಗೆ ಅವಳು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು, ಮಗ ಹುಟ್ಟಿದ ಮೇಲೆ ಯಾವುದಕ್ಕೆ ‘ಸಾಕು ಮಾರಾಯ್ರೆ’ ಅನ್ನುತ್ತಿದ್ದಳು, ಯಾವುದನ್ನು ನೆಂಟರೆದುರು ಹೇಳಿದಾಗ ಅವಳಿಗೆ ಅವಮಾನವಾಯಿತು, ಯಾವುದಕ್ಕೆ ಈಗ ಕಿವಿಯನ್ನೇ ಕೊಡುವುದಿಲ್ಲ. ಇಪ್ಪತ್ತು ವರ್ಷದ ಸಂಸಾರ ಆ ಪಟ್ಟಿಯಲ್ಲೇ ಕಾಣಿಸಿತು. ಕೊಯ್ಲಿನ ದೃಶ್ಯಗಳನ್ನು ಕೊಯ್ಲಿನ ಕಾಲದಲ್ಲೇ ತೆಗೆಯಬೇಕಿದ್ದುದರಿಂದ ಹೆಂಡತಿ ಹೋಗುತ್ತೇನೆ ಎನ್ನುವ ದೃಶ್ಯ ಮೊದಲು ಬಂತು, ಇಬ್ಬರೂ ನೆಟ್ಟಗಿದ್ದ ಕಾಲದ ದೃಶ್ಯಗಳು ಮಳೆಗಾಲಕ್ಕೆ ಹೋದವು. ಹೀಗೆ ಹಿಂದುಮುಂದಾದಾಗ ದಾರಿ ತೋರಿಸಿದ್ದು ಆ ನೋಟ್‌ಬುಕ್ಕೇ. ದೃಶ್ಯಕ್ಕೆ ಮೊದಲು ಅಕ್ಕ ‘ಎಷ್ಟನೇ ಜೋಕು?’ ಅಂತ ಕೇಳುತ್ತಿದ್ದರು. ಅಷ್ಟು ಹೇಳಿದರೆ ಅವರಿಗೆ ಸಾಕು, ಕಣ್ಣು ಬದಲಾಗುತ್ತಿತ್ತು.

ಭರತನ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಶೃಂಗಾರದಿಂದ ಹಾಸ್ಯ ಹುಟ್ಟುತ್ತದೆ, ರೌದ್ರದಿಂದ ಕರುಣ ಹುಟ್ಟುತ್ತದೆ ಎಂದಿದೆ. ನೀನಾಸಂ ನಾಟಕ ಶಾಲೆಯಲ್ಲಿ ಕಲಿತು ಬಂದ ಗೆಳೆಯನೊಬ್ಬ ಇದನ್ನು ಹಿಂದೊಮ್ಮೆ ಹೇಳಿದ್ದ, ಆಗ ಕಿವಿಗೆ ಹಾಕಿಕೊಂಡಿರಲಿಲ್ಲ. ಪಟ್ಟಿ ಬರೆಯುವಾಗ ನೆನಪಾಯಿತು. ನಮ್ಮ ಕಥೆಯ ಮನೆಯಲ್ಲಿ ಶೃಂಗಾರ ಬತ್ತಿ ಎಷ್ಟೋ ಕಾಲವಾಗಿದೆ, ಗಂಡ ಮಾತ್ರ ಹಾಸ್ಯ ಮಾಡುತ್ತಲೇ ಇದ್ದಾನೆ. ಪಾತ್ರ ಅಂದರೆ ಅಷ್ಟೇ. ಇದಕ್ಕಿಂತ ಹೆಚ್ಚು ನನಗೆ ಬೇಕಾಗಿರಲಿಲ್ಲ.

ಈಗ ಮುಖ್ಯವಾದ ಜಾಗಕ್ಕೆ ಬರುತ್ತೇನೆ. ವೇದಿಕೆಯಲ್ಲಿ ನಗಿಸುವವರಿಗೆಲ್ಲ ಗೊತ್ತಿರುವ ಲೆಕ್ಕ ಒಂದಿದೆ. ಪಂಚ್ ಬಿದ್ದ ಮೇಲೆ ನಗು ಏರುವುದಕ್ಕೆ ಬಿಡಬೇಕು. ಏರಿ ಇಳಿಯಲು ಶುರುವಾದಾಗ, ಪೂರಾ ಇಳಿಯುವ ಮೊದಲೇ, ಮುಂದಿನ ಮಾತು ಎತ್ತಿಕೊಳ್ಳಬೇಕು. ಬೇಗ ಎತ್ತಿದರೆ ಮಾತು ಕೇಳುವುದಿಲ್ಲ, ತಡವಾದರೆ ಸಭೆ ತಣ್ಣಗಾಗುತ್ತದೆ. ಕುವೆಂಪು ರಂಗಮಂದಿರದಲ್ಲಿ ಎಷ್ಟು ಕಾಯಬೇಕು, ಹಳ್ಳಿಯ ಬಯಲು ವೇದಿಕೆಯಲ್ಲಿ ಎಷ್ಟು ಅಂತ ಮೈಗೇ ಗೊತ್ತಾಗಿರುತ್ತದೆ. ಕ್ಯಾಮೆರಾ ಮುಂದೆ ನಗುವವರಿಲ್ಲ. ಆದರೆ ಆ ಕಾಯುವ ಅಭ್ಯಾಸ ಮೈಯಲ್ಲಿ ಉಳಿದೇ ಇರುತ್ತದೆ. ಗಂಭೀರ ಪಾತ್ರಕ್ಕೆ ಬಂದ ಹಾಸ್ಯನಟರಿಗೆ ಎಲ್ಲರೂ ಮೊದಲು ಹೇಳುವುದು, ಆ ಅಂತರ ತೆಗೆದುಹಾಕು, ಮಾತನ್ನು ಒತ್ತಿ ಹೇಳಬೇಡ, ಸರಾಗ ಹೋಗು ಅಂತ.

ನಾನು ತೆಗೆಯಲಿಲ್ಲ. ಇದ್ದಷ್ಟೂ ಇಟ್ಟುಕೊಂಡೆ. ಕಾಯುವುದು ಯಾರಿಗಾಗಿ ಎನ್ನುವುದನ್ನಷ್ಟೇ ಬದಲಿಸಿದೆ. ಸಭೆಗಾಗಿ ಕಾಯುತ್ತಿದ್ದವನು ಹೆಂಡತಿಗಾಗಿ ಕಾದೆ. ಜೋಕು ಹೇಳಿ, ಅವಳು ನಗುತ್ತಾಳೇನೋ ಅಂತ ಅವಳ ಮುಖ ನೋಡುವುದು. ಅದೇ ಅಂತರ, ಅದೇ ಉಸಿರು. ಪರದೆಯ ಮೇಲೆ ಅದು ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ, ಯಾಕೆಂದರೆ ಕ್ಲೋಸಪ್ಪಿನಲ್ಲಿ ಕಾಯುವವನ ಕಣ್ಣು ಬೇಡುವುದು ಕಾಣುತ್ತದೆ.

ಬೆಳಗಿನ ತಿಂಡಿಯ ದೃಶ್ಯ ಹೇಳುತ್ತೇನೆ. ಅಡುಗೆಮನೆಯಲ್ಲಿ ಹೆಂಡತಿ ಕಡುಬು ಬಡಿಸುತ್ತಿದ್ದಾಳೆ. ಹೊರಗೆ ಮಳೆ ಶುರುವಾಗುತ್ತದೆ. ಗಂಡ ಹೇಳುತ್ತಾನೆ: ‘ಆಗುಂಬೆ ಮಳೆ ನಮ್ಮತ್ತೆ ಇದ್ದಂಗೆ. ಬರ್ತೀನಿ ಅಂತ ಹೇಳಲ್ಲ, ಬಂದ್ಮೇಲೆ ಹೋಗಲ್ಲ.’ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆಯ ಊರಿನ ಪಕ್ಕದಲ್ಲಿ ಈ ಮಾತಿಗೆ ಯಾರೂ ನಗದೆ ಇರುವುದಿಲ್ಲ. ಹೆಂಡತಿ ತಲೆ ಎತ್ತುವುದಿಲ್ಲ. ಕ್ಯಾಮೆರಾ ಸ್ವಲ್ಪ ಸರಿದಾಗ ಗೋಡೆಯ ಮೇಲೆ ಗಂಧದ ಹಾರ ಹಾಕಿದ ಅತ್ತೆಯ ಫೋಟೋ. ಅತ್ತೆ ತೀರಿಕೊಂಡು ವರ್ಷವಾಗಿದೆ. ಇಪ್ಪತ್ತು ವರ್ಷದಿಂದ ಹೇಳಿದ ಜೋಕನ್ನು ಗಂಡ ರೂಢಿಯಲ್ಲಿ ಹೇಳಿಬಿಟ್ಟಿದ್ದಾನೆ.

ಇಂಥ ಜೋಕನ್ನು ಮಂಕಾಗಿ, ಸೋತ ದನಿಯಲ್ಲಿ ಹೇಳಬೇಕು ಅಂತ ತೋರುತ್ತದೆ. ಬೇಡ. ನನ್ನ ಕೈಲಾದ ಮಟ್ಟಿಗೆ ಚೆನ್ನಾಗಿ ಹೇಳಬೇಕು, ಟೈಮಿಂಗ್ ತುಸುವೂ ತಪ್ಪಬಾರದು ಅಂತ ಹಟ ಹಿಡಿದೆ. ಜೋಕು ಒಳ್ಳೆಯದಿದ್ದಷ್ಟೂ ಅವಳು ನಗದೆ ಇರುವುದು ಜೋರಾಗಿ ಕೇಳುತ್ತದೆ. ಚೆನ್ನಾಗಿ ಹೇಳಿದ್ದಕ್ಕೆ ಬೇರೆಯೇ ಫಜೀತಿ ಆಯಿತು. ಸಿಂಕ್ ಸೌಂಡ್ ಚಿತ್ರ ಅದು, ಅಲ್ಲೇ ಧ್ವನಿ ಹಿಡಿಯುತ್ತಿದ್ದರು. ಲೈಟ್ ಹುಡುಗರು ನಕ್ಕು ಟೇಕ್ ಹಾಳು ಮಾಡುತ್ತಿದ್ದರು. ಬೂಮ್ ಹಿಡಿದವನಂತೂ ಮೈ ಕುಲುಕಿಸಿ ಮೈಕನ್ನೇ ಫ್ರೇಮಿಗೆ ತಂದ. ಅದಕ್ಕೆ ಅಕ್ಕ ಕಂಡುಹಿಡಿದ ಮದ್ದು: ಆ ಜೋಕನ್ನು ಊಟಕ್ಕೆ ಕೂತಾಗ, ಕಾಫಿಗೆ ನಿಂತಾಗ, ಜನರೇಟರ್ ಪಕ್ಕ ಸಿಕ್ಕವರಿಗೆಲ್ಲ ಹೇಳುತ್ತ ಹೋಗು ಅಂದರು. ಹೇಳಿದೆ. ಮರುದಿನದ ಹೊತ್ತಿಗೆ ನನ್ನನ್ನು ಕಂಡರೆ ಜನ ಬೇರೆ ಕಡೆ ಸರಿಯುತ್ತಿದ್ದರು. ಟೇಕ್ ಆದಾಗ ಇಡೀ ಯೂನಿಟ್ಟು ಅವಳ ಹಾಗೆಯೇ ಮುಖ ಮಾಡಿಕೊಂಡು ನಿಂತಿತ್ತು. ಮದುವೆ ಅಂದರೆ ಏನು ಅಂತ ಅವತ್ತು ಮದುವೆಯಾಗದ ಹುಡುಗರಿಗೂ ಅರ್ಥವಾಗಿರಬೇಕು.

ಜೋಕು ಬಿದ್ದುಹೋದಾಗ ಅದನ್ನು ಎತ್ತಿಕೊಳ್ಳುವ ವಿದ್ಯೆ ಹಾಸ್ಯದವರಿಗೆಲ್ಲ ಕರಗತ. ಅದೇ ಮಾತನ್ನು ಇನ್ನೊಮ್ಮೆ ಹೇಳುವುದು, ತನ್ನನ್ನೇ ಬೈದುಕೊಳ್ಳುವುದು, ಮುಂದಿನ ಸಾಲಿನಲ್ಲಿ ಕೂತವರ ಕಾಲೆಳೆಯುವುದು. ಇಲ್ಲಿ ಅದ್ಯಾವುದೂ ಬೇಡ. ಬಿದ್ದದ್ದನ್ನು ಬಿದ್ದಲ್ಲೇ ಬಿಡಬೇಕು. ವರ್ಷಗಟ್ಟಲೆ ಹೊಟ್ಟೆಪಾಡು ಮಾಡಿದ ಕಸುಬಿನಲ್ಲಿ ಅತಿ ಕಷ್ಟದ ಕೆಲಸ ಅದೇ. ನನ್ನ ಕೆನ್ನೆಯಲ್ಲಿ ಒಂದು ಸ್ನಾಯು ತನ್ನಷ್ಟಕ್ಕೆ ನಗೆಗೆ ಹೊರಟುಬಿಡುತ್ತದೆ. ನಿರ್ದೇಶಕರು ಅದನ್ನು ಮಾನಿಟರಿನಲ್ಲಿ ನೋಡಿ, ‘ಅದು ಇರಲಿ, ತಡೀಬೇಡಿ’ ಅಂದರು. ತಡೆಯಲಿಲ್ಲ. ಅರ್ಧಕ್ಕೆ ಬಂದು ನಿಂತ ಆ ನಗೆಯೇ ಚಿತ್ರದಲ್ಲಿ ಉಳಿದಿದೆ.

ಅಡಿಕೆ ಸುಲಿಯುವ ರಾತ್ರಿಯ ದೃಶ್ಯಕ್ಕೆ ತಯಾರಿ ಬೇರೆ ಥರದ್ದು. ಮೆಟ್ಟುಗತ್ತಿಯ ಮೇಲೆ ಕೂತು ಹಸಿ ಅಡಿಕೆ ಸುಲಿಯುವುದು ಅಕ್ಕನಿಗೆ ಹುಟ್ಟಿನಿಂದ ಬಂದದ್ದು, ನನಗೆ ಶಿವಮೊಗ್ಗ ಪೇಟೆ ಸೇರಿ ಕೈ ಮರೆತಿತ್ತು. ಹೊಸನಗರದ ಕಡೆ ನೆಂಟರ ಮನೆಗೆ ಹೋಗಿ ಸುಲಿತದ ಹೆಂಗಸರ ಸಾಲಿನಲ್ಲಿ ಕೂತೆ. ಅವರು ನನ್ನನ್ನು ಆಡಿಕೊಂಡು ನಕ್ಕಷ್ಟು ನನ್ನ ಯಾವ ಸ್ಕಿಟ್ಟಿಗೂ ಯಾರೂ ನಕ್ಕಿಲ್ಲ. ಕಲಿತದ್ದರಿಂದ ದೊಡ್ಡ ಲಾಭವಾಯಿತು. ಹಾಸ್ಯನಟನ ಕೈ ಸುಮ್ಮನಿರುವುದಿಲ್ಲ. ಮಾತಿಗೊಂದು ಬೆರಳು, ಸುಮ್ಮನಿದ್ದರೆ ಹೊಟ್ಟೆ ಸವರುವುದು. ಎದುರಿಗೆ ಹರಿತವಾದ ಕತ್ತಿ ಇದ್ದರೆ ಕೈ ತನ್ನ ಪಾಡಿಗೆ ತಾನಿರುತ್ತದೆ. ಗಂಭೀರ ಪಾತ್ರಕ್ಕೆ ಬರುವ ಹಾಸ್ಯದವರು ಪ್ರತಿ ದೃಶ್ಯದಲ್ಲೂ ಕೈಗೆ ನಿಜವಾದ ಒಂದು ಕೆಲಸ ಕೇಳಿ ಇಸಿದುಕೊಳ್ಳಬೇಕು. ಸುಳ್ಳು ಕೆಲಸ ಆಗುವುದಿಲ್ಲ, ಅದನ್ನೂ ಹಾಸ್ಯ ಮಾಡಿಬಿಡುತ್ತೇವೆ.

ಆ ದೃಶ್ಯದಲ್ಲಿ ಹೆಂಡತಿ ಸುಲಿತ ನಿಲ್ಲಿಸದೆಯೇ, ಮನೆ ನೋಡಿ ಆಗಿದೆ ಅಂತ ಹೇಳುತ್ತಾಳೆ. ಸ್ಕ್ರಿಪ್ಟಿನಲ್ಲಿ ಗಂಡನಿಗೆ ಉದ್ದದ ಮಾತಿತ್ತು, ಏನು ಕಡಿಮೆ ಮಾಡಿದೆ ನಿನಗೆ ಅಂತ. ನಾವಿಬ್ಬರೂ ಓದಿ ನೋಡಿದೆವು, ಬಾಯಿಗೆ ಬರಲಿಲ್ಲ. ಕೊನೆಗೆ ಉಳಿದದ್ದು ಇಷ್ಟು:

‘ಯಾವ ಬಡಾವಣೆ?’

‘ವಿನೋಬನಗರ.’

‘ಅಲ್ಲಿ ನೀರು ಸರಿಯಾಗಿ ಬರುತ್ತಂತಾ?’

‘ದಿನ ಬಿಟ್ಟು ದಿನ.’

ಆಮೇಲೆ ಸುಲಿತದ ಸದ್ದು. ಇದು ತಮಾಷೆಯ ಮಾತೇ. ಹೆಂಡತಿ ಬಿಟ್ಟು ಹೋಗುತ್ತೇನೆ ಅಂದಾಗ ನಲ್ಲಿ ನೀರಿನ ವಿಚಾರ ಕೇಳುವವನು ಸ್ಕಿಟ್ಟಿನಲ್ಲಿ ಇದ್ದಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲೂ ನಾನು ಅದನ್ನು ಆ ಲಯದಲ್ಲೇ ಹೇಳಿದೆ. ನಗು ಬರಬಾರದು ಅಂತ ಲಯ ಕೆಡಿಸಿದ್ದರೆ ಮಾತು ಸತ್ತು ಹೋಗುತ್ತಿತ್ತು. ಬದಲಿಸಿದ್ದು ಧ್ವನಿಯ ಜಾಗ ಮಾತ್ರ. ವೇದಿಕೆಯಲ್ಲಿ ನನ್ನ ದನಿ ಮೂಗಿನ ಮೇಲೆ ಕೂತಿರುತ್ತದೆ, ಕೊನೆಯ ಸಾಲಿಗೂ ಮುಟ್ಟಲಿ ಅಂತ. ಅದನ್ನು ಎದೆಗೆ ಇಳಿಸುವುದಕ್ಕೆ ಬೆಳಿಗ್ಗೆ ಎದ್ದ ಕೂಡಲೇ, ಯಾರ ಹತ್ತಿರವೂ ಮಾತಾಡುವ ಮೊದಲು, ಮಾತುಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳುತ್ತಿದ್ದೆ. ನಿದ್ದೆಯಿಂದ ಎದ್ದ ದನಿಗೆ ನಟನೆ ಬರುವುದಿಲ್ಲ. ಅದೇ ಬೇಕಾಗಿತ್ತು.

ಅಕ್ಕನ ಹಾದಿ ನನ್ನದಕ್ಕಿಂತ ಕಷ್ಟದ್ದು. ಗಂಡಸರ ಹಾಸ್ಯಕ್ಕೆ ನೂರು ಮುಖ ಕೊಟ್ಟಿದ್ದಾರೆ, ಹೆಂಗಸರ ಹಾಸ್ಯಕ್ಕೆ ಬಜಾರಿ ಒಬ್ಬಳೇ. ‘ಇಷ್ಟು ವರ್ಷ ಗಂಡಂದಿರಿಗೆ ಲಟ್ಟಣಿಗೇಲಿ ಹೊಡೆದಿದ್ದೀನಿ, ಬಿಟ್ಟು ಹೋಗೋದು ಇದೇ ಮೊದಲು’ ಅಂತ ಮೊದಲ ದಿನ ಹೇಳಿದ್ದರು. ಅವರ ಹುಬ್ಬು ಕನ್ನಡ ರಂಗಭೂಮಿಯಲ್ಲೇ ಹೆಸರುವಾಸಿ, ಮಾತಿಗಿಂತ ಮೊದಲು ಅದು ಏರುತ್ತದೆ. ಅದನ್ನು ನಿಲ್ಲಿಸುವುದಕ್ಕೆ ಅವರು ತಾಲೀಮಿನಲ್ಲಿ ಹಣೆಗೆ ಅಂಟಿನ ಪಟ್ಟಿ ಹಚ್ಚಿಕೊಂಡು ಕೂರುತ್ತಿದ್ದರು. ಊರಿನ ಹಿರಿಯರು ಜಗಲಿಯಲ್ಲಿ ಪಂಚಾಯಿತಿ ಸೇರಿಸಿ, ‘ಹೋಗ್ಲಿ ಬಿಡಮ್ಮ, ಗಂಡ ತಮಾಷೆ ಮನುಷ್ಯ’ ಅನ್ನುವ ದೃಶ್ಯದಲ್ಲಿ ಇಡೀ ಸಭೆಯನ್ನು ನೋಡಿ ಅವರು ಹುಬ್ಬು ಏರಿಸುತ್ತಾರೆ. ಚಿತ್ರದುದ್ದಕ್ಕೂ ಒಂದೇ ಸಲ. ಕೂಡಿಟ್ಟ ಗಂಟನ್ನು ಯಾವಾಗ ಬಿಚ್ಚಬೇಕು ಅಂತ ಅವರಿಗೆ ಗೊತ್ತಿತ್ತು. ಆ ದೃಶ್ಯದಲ್ಲಿ ನನ್ನದು ಜಗಲಿಯ ತುದಿಯಲ್ಲಿ ಕೂತು ಎಲೆ ಅಡಿಕೆ ತಟ್ಟೆ ದಾಟಿಸುವ ಕೆಲಸ ಮಾತ್ರ. ಅಷ್ಟೇ ಮಾಡಿದೆ.

ಮಳೆಗಾಲದ ಭಾಗದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಹಂಚಿನ ಮೇಲೆ ಮಳೆ ಬೀಳುವಾಗ ಸಿಂಕ್ ಸೌಂಡ್ ಅನ್ನುವುದು ಕನಸು, ಅದನ್ನೆಲ್ಲ ಬೆಂಗಳೂರಿನಲ್ಲಿ ಡಬ್ ಮಾಡಿದೆವು. ಇಂಬಳ ಅನ್ನುವ ಜಿಗಣೆ ಹತ್ತಿದ ಕಾಲಿಗೆ ಸುಣ್ಣ ಹಚ್ಚಿಕೊಳ್ಳುತ್ತ ಪ್ರೇಮದ ದೃಶ್ಯ ಮಾಡಿದ್ದನ್ನು ಬೇಕಾದರೆ ಸ್ಕಿಟ್ಟಿಗೆ ಇಟ್ಟುಕೊಳ್ಳಬಹುದು.

ಚಿತ್ರ ಶಿವಮೊಗ್ಗದಲ್ಲಿ ತೆರೆಕಂಡಾಗ ನನ್ನ ಮುಖ ಕಂಡ ಕೂಡಲೇ ಜನ ನಕ್ಕರು. ಮಾತೇ ಆಡಿರಲಿಲ್ಲ, ಬಚ್ಚಲ ಒಲೆಗೆ ಸೌದೆ ತುರುಕುತ್ತಿದ್ದೆ. ಪಕ್ಕದಲ್ಲಿ ಕೂತ ನಿರ್ದೇಶಕರು ಇದನ್ನು ಮೊದಲೇ ಲೆಕ್ಕ ಹಾಕಿದ್ದರು. ಮೊದಲ ಹತ್ತು ನಿಮಿಷ ಜನರಿಗೆ ಬೇಕಾದಷ್ಟು ನಗಲು ಬಿಟ್ಟಿದ್ದಾರೆ, ಹೆಂಡತಿ ನಗುತ್ತಿಲ್ಲ ಎನ್ನುವುದು ಅವರ ಗಮನಕ್ಕೆ ನಿಧಾನವಾಗಿ ಬರಲಿ ಅಂತ. ಅತ್ತೆಯ ಫೋಟೋ ಬಂದಾಗ ಸಭೆಯಲ್ಲಿ ನಗು ಅರ್ಧಕ್ಕೆ ನಿಂತದ್ದನ್ನು ಕಿವಿಯಾರೆ ಕೇಳಿದೆ. ಇಷ್ಟು ವರ್ಷ ನಗು ಏರುವುದನ್ನು ಕೇಳಿದವನಿಗೆ ಅದು ನಿಂತದ್ದು ಕೇಳಿ ಸಂತೋಷವಾದದ್ದು ಅವತ್ತೇ. ‘ನೀರು ಸರಿಯಾಗಿ ಬರುತ್ತಂತಾ’ ಅನ್ನುವಲ್ಲಿ ಗಂಡಸರು ನಕ್ಕರು, ಹೆಂಗಸರು ನಗಲಿಲ್ಲ. ಎರಡೂ ಸರಿಯೇ. ಗಂಭೀರ ಪಾತ್ರದಲ್ಲಿ ಜನ ನಕ್ಕರೆ ಸೋತೆವು ಅಂತ ತಿಳಿಯುವವರಿದ್ದಾರೆ, ನನಗೆ ಆ ಅಭಿಪ್ರಾಯವಿಲ್ಲ.

ಒಂದು ಮಾತು ಬಾಕಿ ಇದೆ, ಅದು ಪೋಸ್ಟರಿನದ್ದು. ಸಹಿ ಹಾಕುವ ಮೊದಲೇ ಪೋಸ್ಟರಿನಲ್ಲಿ, ಟ್ರೇಲರಿನಲ್ಲಿ ಏನು ಬರುತ್ತದೆ ಅಂತ ಕೇಳಿಕೊಳ್ಳಿ. ಚಿತ್ರ ಬಿಡುಗಡೆ ಮಾಡಿದವರು ನಾನು ಹಲ್ಲು ಬಿಟ್ಟು ನಗುವ ಫೋಟೋ ಹಾಕಿ, ಮಳೆ ಜೋಕನ್ನು ಟ್ರೇಲರಿನ ಕೊನೆಗೆ ಇಟ್ಟಿದ್ದರು, ಫೋಟೋದ ಗಂಧದ ಹಾರ ಕಾಣುವ ಮೊದಲೇ ಕತ್ತರಿಸಿ. ಸಂಸಾರ ಸಮೇತ ನಕ್ಕು ಬರೋಣ ಅಂತ ಬಂದವರು ಬೇಕಾದಷ್ಟು ಜನ. ಭದ್ರಾವತಿಯಿಂದ ಬಂದ ಯಜಮಾನರೊಬ್ಬರು ಆಟ ಮುಗಿದ ಮೇಲೆ ನನ್ನನ್ನು ಹುಡುಕಿಕೊಂಡು ಬಂದು, ‘ಏನ್ರೀ ಇದು, ನಮ್ಮನೆಯವಳು ಆಗಿನಿಂದ ಮಾತೇ ಆಡ್ತಿಲ್ಲ’ ಅಂತ ಟಿಕೆಟ್ ದುಡ್ಡು ವಾಪಸ್ ಕೇಳಿದರು. ಇಬ್ಬರಿಗೂ ಕಾಫಿ ಕುಡಿಸಿದೆ. ಆಮೇಲೆ ಅವರೇ ಫೋನ್ ಮಾಡಿ ಮಗಳ ಮದುವೆಯ ಆರತಕ್ಷತೆಗೆ ಕಾರ್ಯಕ್ರಮ ಬುಕ್ ಮಾಡಿದರು. ‘ಆ ಸಿನಿಮಾದ್ದು ಏನೂ ಬೇಡ, ಹಳೇದೇ ಮಾಡಿ’ ಅಂದರು. ಹಿಂದಿನಿಂದ ಅವರ ಮನೆಯವರ ದನಿ ಕೇಳಿಸಿತು: ‘ಆ ಅಕ್ಕನ್ನೂ ಕರ್ಕೊಂಡು ಬರೋಕೆ ಹೇಳಿ.’